ಕೊನೆಯ ಪದರ ಹತ್ತರಿಗೇ ಬಿಡಿ

ಮರಗೆಲಸ ಕಲಿಯಲು ಬರುವವರು ಮೊದಲು ಕೇಳುವುದು ಯಾವ ಮೆಷಿನ್ ಕೊಳ್ಳಬೇಕು ಅಂತ. ಒಂದು ಹತ್ತರಿ (ಕೈಯಲ್ಲಿ ತಳ್ಳಿ ಹಲಗೆಯ ಮೈ ನಯ ಮಾಡುವ ಉಪಕರಣ), ಒಂದು ಸಾಣೆಕಲ್ಲು ತನ್ನಿ, ಉಳಿದದ್ದು ಆಮೇಲೆ ನೋಡೋಣ ಅನ್ನುತ್ತೇನೆ. ಕೆಲವರು ಮುಖ ಸಣ್ಣ ಮಾಡಿಕೊಳ್ಳುತ್ತಾರೆ.

ಮೆಷಿನ್ ಮೇಲೆ ನನಗೇನೂ ಕೋಪ ಇಲ್ಲ. ಸಾಗುವಾನಿ ದಿಮ್ಮಿಯನ್ನು ಹಲಗೆ ಮಾಡಿಸಲು ಸಾಮಿಲ್ಲಿಗೇ ಕಳಿಸುತ್ತೇನೆ. ಅದನ್ನು ಕೈಯಲ್ಲಿ ಕೊಯ್ದರೆ ಸಿಗುವುದು ಬೆನ್ನುನೋವು ಮಾತ್ರ. ಕೈಗೆಲಸದ ಸುಖ ಇರುವುದು ಕೊನೆಯಲ್ಲಿ, ಹಲಗೆಯ ಮೈ ನಯ ಮಾಡುವಾಗ.

ಮೆಷಿನ್ ಪ್ಲೇನರ್‌ನ ಬ್ಲೇಡು ಗಿರಗಿರ ತಿರುಗುತ್ತಾ ಮರವನ್ನು ಚೂರು ಚೂರೇ ಕೆತ್ತುತ್ತದೆ. ಹಾಗಾಗಿ ಮೈಮೇಲೆ ಸಣ್ಣ ಅಲೆಗಳು ಉಳಿಯುತ್ತವೆ. ಓರೆ ಬೆಳಕಿಗೆ ಹಿಡಿದು ನೋಡಿ, ಕಾಣುತ್ತವೆ. ಪಾಲಿಶ್ ಬಿದ್ದ ಮೇಲಂತೂ ಎದ್ದು ಕಾಣುತ್ತವೆ. ಅದನ್ನು ಹೋಗಲಾಡಿಸಲು ಸ್ಯಾಂಡ್‌ಪೇಪರ್ ಹಿಡಿಯಬೇಕು. ಅದು ಮರವನ್ನು ಕೊಯ್ಯುವುದಿಲ್ಲ, ಗೀರುತ್ತದೆ. ಪುಡಿ ಮರದ ರಂಧ್ರಗಳಲ್ಲಿ ಕೂತು ಬಣ್ಣ ಮಂಕಾಗುತ್ತದೆ. ಹರಿತವಾದ ಹತ್ತರಿ ಹಾಗಲ್ಲ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಸುರುಳಿ ಏಳುತ್ತದೆ, ಕೆಳಗಿನ ಮರ ಪಾಲಿಶ್ ಇಲ್ಲದೆಯೇ ಹೊಳೆಯುತ್ತದೆ.

ಜಪಾನಿನಲ್ಲಿ ಇದಕ್ಕೇ ಕೆಜುರೋಕೈ ಅನ್ನುವ ಕೂಟಗಳು ನಡೆಯುತ್ತವೆ. ಅಲ್ಲಿನ ಬಡಗಿಗಳು 10 ಮೈಕ್ರಾನಿಗಿಂತ ತೆಳ್ಳಗಿನ ಸುರುಳಿ ತೆಗೆಯುತ್ತಾರೆ. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ! ಹುಚ್ಚು ಅನ್ನಬಹುದು. ನನಗಂತೂ ಹೊಟ್ಟೆಕಿಚ್ಚು.

ಇನ್ನೊಂದು ಸುಖ, ಮರದ ಎಳೆ ಯಾವ ಕಡೆ ಓಡುತ್ತಿದೆ ಅಂತ ಕೈಗೇ ಗೊತ್ತಾಗುವುದು. ಎಳೆಗೆ ಎದುರಾಗಿ ತಳ್ಳಿದರೆ ಹತ್ತರಿ ತಡವರಿಸುತ್ತದೆ, ಸದ್ದು ಒರಟಾಗುತ್ತದೆ. ಆಗ ಹಲಗೆ ತಿರುಗಿಸಿಕೊಂಡರೆ ಸಾಕು. ಆದರೆ ಬೀಟೆ, ಹಲಸು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಒಂದು ಪಟ್ಟಿಯಲ್ಲಿ ಎಳೆ ಈ ಕಡೆ ವಾಲಿದ್ದರೆ ಪಕ್ಕದ ಪಟ್ಟಿಯಲ್ಲಿ ಆ ಕಡೆ. ಹೇಗೆ ತಿರುಗಿಸಿದರೂ ಎಲ್ಲೋ ಒಂದು ಕಡೆ ಕಿತ್ತುಬರುತ್ತದೆ. ಅಲ್ಲಿ ಬ್ಲೇಡಿನ ತುದಿ ಕಡಿಮೆ ಹೊರಚಾಚುವಂತೆ ಒಳಗೆ ಸರಿಸಿ, ಹತ್ತರಿಯನ್ನು ಓರೆ ಹಿಡಿದು ನಿಧಾನಕ್ಕೆ ಹೋಗಬೇಕು. ಆ ಜಗಳ ಗೆದ್ದ ಬೀಟೆ ಹಲಗೆಯ ಮೇಲೆ ಕೈಯಾಡಿಸಿ ನೋಡಿ! ಮೆಷಿನ್ ಕಿರುಚಾಟದಲ್ಲಿ ಈ ಸುಳಿವು ಯಾವುದೂ ಕೇಳಿಸುವುದಿಲ್ಲ. ಕಿತ್ತುಹೋದ ಮೇಲಷ್ಟೇ ಕಣ್ಣಿಗೆ ಬೀಳುತ್ತದೆ.

ಕೈಗೆಲಸ ಸುಮ್ನೆ ಸುಸ್ತು ಅನ್ನುವವರ ಹತ್ತರಿ ಮುಟ್ಟಿ ನೋಡಿ, ಬ್ಲೇಡು ಮೊಂಡಾಗಿರುತ್ತದೆ. ಸಾಗುವಾನಿಯಲ್ಲಿ ಸಿಲಿಕಾ, ಅಂದರೆ ಮರಳಿನಂಥ ಗಟ್ಟಿ ಕಣ, ಇರುವುದರಿಂದ ಹರಿತ ಬೇಗ ಹೋಗುತ್ತದೆ. 25 ಡಿಗ್ರಿಗೆ ಅರೆದು, ತುದಿಯನ್ನಷ್ಟೇ 30 ಡಿಗ್ರಿಗೆ ಮಸೆಯಿರಿ. ಬ್ಲೇಡಿನ ಬೆನ್ನು ಪೂರ್ತಿ ಚಪ್ಪಟೆ ಇರಬೇಕು. ತಳ್ಳಲು ಬಲ ಜಾಸ್ತಿ ಬೇಕಾಯಿತೋ, ಮತ್ತೆ ಕಲ್ಲಿನ ಹತ್ತಿರ ಹೋಗಿ.

ಧೂಳಿನ ಮಾತೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಮೆಷಿನ್ನಲ್ಲಿ ಸ್ಯಾಂಡಿಂಗ್ ಮಾಡುವವರು ಮಾಸ್ಕ್ ಮರೆಯಬಾರದು. ಹತ್ತರಿಯ ಸುರುಳಿ ಕಾಲಡಿಯಲ್ಲೇ ಬೀಳುತ್ತದೆ, ಗುಡಿಸಿದರೆ ಮುಗಿಯಿತು. ರಾತ್ರಿ ಹತ್ತರವರೆಗೆ ಕೆಲಸ ಮಾಡಿದರೂ ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುವುದಿಲ್ಲ.