ಐದು ದಿನಕ್ಕೆಂದು ಬರೆದುಕೊಟ್ಟ ಮಾತ್ರೆ

ಬೆನ್ನು ಹಿಡಿದುಕೊಂಡಾಗಲೋ ಮೊಣಕಾಲು ಊದಿಕೊಂಡಾಗಲೋ ವೈದ್ಯರು ಬರೆದುಕೊಡುವ ಚೀಟಿಯಲ್ಲಿ ಮೂರು ಸಂಗತಿಗಳಿರುತ್ತವೆ: ಔಷಧದ ಹೆಸರು, ಹೊತ್ತಿಗೆ ಎಷ್ಟು ಎಂಬ ಪ್ರಮಾಣ, ಎಷ್ಟು ದಿನ ಎಂಬ ಅವಧಿ. ನೋವು ಇಳಿದ ಮೇಲೆ ನಮ್ಮ ನೆನಪಿನಲ್ಲಿ ಉಳಿಯುವುದು ಹೆಸರು ಮಾತ್ರ. ಆರು ತಿಂಗಳ ನಂತರ ಅದೇ ನೋವು ಮರುಕಳಿಸಿದರೆ ಮಿಕ್ಕ ಮಾತ್ರೆಗಳನ್ನು ಹುಡುಕಿ ತೆಗೆಯುತ್ತೇವೆ, ಮನೆಯಲ್ಲಿ ಇನ್ನೊಬ್ಬರಿಗೆ ನೋವಾದರೆ ಅವರಿಗೂ ಕೊಡುತ್ತೇವೆ. ಐದು ದಿನಕ್ಕೆಂದು ಬರೆದದ್ದು ಐದು ತಿಂಗಳಿಗೆ ಹಿಗ್ಗುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಇಂಡೊಮೆಥಾಸಿನ್, ಸೆಲೆಕಾಕ್ಸಿಬ್ ಮುಂತಾದ ಈ ಔಷಧಗಳನ್ನು ಒಟ್ಟಾಗಿ ಸ್ಟೀರಾಯ್ಡ್ ಅಲ್ಲದ ಉರಿಯೂತ ನಿವಾರಕಗಳು ಎನ್ನುತ್ತಾರೆ. ಇವು ನೋವನ್ನು ತಗ್ಗಿಸುವುದೂ ಕೆಲವೊಮ್ಮೆ ಜೀವಕ್ಕೆ ಎರವಾಗುವುದೂ ಒಂದೇ ಕ್ರಿಯೆಯಿಂದ ಎಂಬುದು ಇವುಗಳ ಬಗ್ಗೆ ಎಲ್ಲರೂ ತಿಳಿದಿರಬೇಕಾದ ಮುಖ್ಯ ಸಂಗತಿ. ವೈದ್ಯಲೋಕಕ್ಕೂ ಇದು ಒಮ್ಮೆಗೇ ತಿಳಿಯಲಿಲ್ಲ. ಅದಕ್ಕೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು, ಅನೇಕರ ಪ್ರಾಣವೂ ಹೋಯಿತು.

ಆರಂಭ ವಿಲ್ಲೋ ಮರದ ತೊಗಟೆಯಿಂದ. ಜ್ವರದಿಂದ ನರಳುತ್ತಿದ್ದ ಸುಮಾರು ಐವತ್ತು ಮಂದಿಗೆ ಒಣಗಿಸಿ ಪುಡಿ ಮಾಡಿದ ಆ ತೊಗಟೆಯನ್ನು ಕೊಟ್ಟು ಗುಣ ಕಂಡದ್ದಾಗಿ ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ 1763ರಲ್ಲಿ ರಾಯಲ್ ಸೊಸೈಟಿಗೆ ಪತ್ರ ಬರೆದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಸಾರವನ್ನು ಬೇರ್ಪಡಿಸಿದ ರಸಾಯನಶಾಸ್ತ್ರಜ್ಞರು ಸ್ಯಾಲಿಸಿಲಿಕ್ ಆಮ್ಲವನ್ನು ತಯಾರಿಸಿದರು. ಕೀಲುಗಳಿಗೆ ಅದು ಹಿತವೆನಿಸಿದರೂ ಹೊಟ್ಟೆ ಅದನ್ನು ಸಹಿಸುತ್ತಿರಲಿಲ್ಲ. 1897ರಲ್ಲಿ ಜರ್ಮನಿಯ ಬಾಯರ್ ಕಂಪನಿಯಲ್ಲಿ ಫೆಲಿಕ್ಸ್ ಹಾಫ್‌ಮನ್ ಶುದ್ಧ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲವನ್ನು ತಯಾರಿಸಿದಾಗ, 1899ರಲ್ಲಿ ಅದಕ್ಕೆ ಆಸ್ಪಿರಿನ್ ಎಂದು ಹೆಸರಿಟ್ಟಾಗ, ಹೊಟ್ಟೆಯ ಆ ತೊಂದರೆ ನೀಗಿತೆಂದೇ ಭಾವಿಸಲಾಯಿತು. ನಂತರ ಬಂದ ಪ್ರತಿಯೊಂದು ಹೊಸ ಔಷಧವೂ ಇದೇ ಭರವಸೆಯೊಂದಿಗೆ ಬಂದದ್ದನ್ನು ಗಮನಿಸಬೇಕು.

ಆ ಭರವಸೆಯನ್ನು ಪರೀಕ್ಷಿಸಲು ಹೊಟ್ಟೆಯ ಒಳಗನ್ನು ಕಣ್ಣಾರೆ ನೋಡಬೇಕಿತ್ತು. 1938ರಲ್ಲಿ ಲಂಡನ್ನಿನ ವೈದ್ಯರಾದ ಡೌಥ್‌ವೇಟ್ ಮತ್ತು ಲಿಂಟಾಟ್ ಕೆಲವು ಮಂದಿಗೆ ಆಸ್ಪಿರಿನ್ ಕೊಟ್ಟು, ಆಗಿನ್ನೂ ಹೊಸದಾಗಿದ್ದ ಜಠರದರ್ಶಕವನ್ನು ಗಂಟಲ ಮೂಲಕ ಇಳಿಸಿ ನೋಡಿದರು. ಅವರಲ್ಲಿ ಬಹುತೇಕರ ಜಠರದ ಒಳಪೊರೆ ಕೆಂಪೇರಿತ್ತು. ಕೆಲವರಲ್ಲಿ ರಕ್ತ ಒಸರಿದ ಗುರುತುಗಳೂ ಇದ್ದವು. ನಾಲ್ಕು ದಶಕಗಳಿಂದ ಲಕ್ಷಾಂತರ ಜನ ನಿಶ್ಚಿಂತೆಯಿಂದ ನುಂಗುತ್ತಿದ್ದ ಮಾತ್ರೆ ಒಳಗೆ ಮಾಡುತ್ತಿದ್ದ ಗಾಯ ಕಣ್ಣಿಗೆ ಬಿದ್ದದ್ದು ಹೀಗೆ.

ಮುಂದಿನ ದಶಕಗಳು ಪರ್ಯಾಯದ ಹುಡುಕಾಟದಲ್ಲಿ ಕಳೆದವು. 1949ರಲ್ಲಿ ಬಂದ ಫಿನೈಲ್‌ಬ್ಯುಟಜೋನ್ ಸಂಧಿವಾತಕ್ಕೆ ಬಲವಾದ ಔಷಧವೇ ಆಗಿದ್ದರೂ ಕೆಲವರಲ್ಲಿ ಮೂಳೆಮಜ್ಜೆಯನ್ನು ನಾಶ ಮಾಡಿತು. 1960ರ ದಶಕದಲ್ಲಿ ಇಂಡೊಮೆಥಾಸಿನ್ ಬಂತು. ಇಂಗ್ಲೆಂಡಿನ ಬೂಟ್ಸ್ ಕಂಪನಿಯಲ್ಲಿ ಸ್ಟೂವರ್ಟ್ ಆಡಮ್ಸ್ ಮತ್ತು ಸಂಗಡಿಗರು, ಸಂಧಿವಾತದವರು ವರ್ಷಗಟ್ಟಲೆ ತಾಳಿಕೊಳ್ಳಬಹುದಾದ ಔಷಧವೊಂದನ್ನು ಅರಸುತ್ತ ಹೋಗಿ ಐಬುಪ್ರೊಫೆನ್ನನ್ನು ಕಂಡುಕೊಂಡರು. 1969ರಲ್ಲಿ ಬ್ರಿಟನ್ನಿನಲ್ಲಿ ವೈದ್ಯರ ಚೀಟಿಯ ಮೇಲೆ ಮಾತ್ರ ಸಿಗುತ್ತಿದ್ದ ಅದು 1983ರ ಹೊತ್ತಿಗೆ ಚೀಟಿಯಿಲ್ಲದೆಯೂ ದೊರೆಯತೊಡಗಿತು. ಡೈಕ್ಲೊಫೆನಾಕ್ ಮೊದಲು ಮಾರುಕಟ್ಟೆಗೆ ಬಂದದ್ದು 1974ರಲ್ಲಿ, ಜಪಾನಿನಲ್ಲಿ. ಇದೇ ಸಾಲಿನ ಬೆನೊಕ್ಸಾಪ್ರೊಫೆನ್ 1980ರಲ್ಲಿ ಬ್ರಿಟನ್ನಿನಲ್ಲಿ ಭಾರೀ ಪ್ರಚಾರದೊಂದಿಗೆ ಬಿಡುಗಡೆಯಾಗಿ 1982ರಲ್ಲೇ ಹಿಂದಕ್ಕೆ ಹೋಯಿತು. ವಯಸ್ಸಾದವರ ದೇಹ ಅದನ್ನು ನಿಧಾನವಾಗಿ ಹೊರಹಾಕುತ್ತಿದ್ದುದರಿಂದ ದಿನದಿನದ ಮಾತ್ರೆ ಒಳಗೇ ಶೇಖರವಾಗಿ, ಯಕೃತ್ತು ಮತ್ತು ಮೂತ್ರಪಿಂಡಗಳು ಸೋತು ಹತ್ತಾರು ಮಂದಿ ಸತ್ತರು. ನಲವತ್ತರ ದೇಹಕ್ಕೆ ಸರಿಯಾದ ಪ್ರಮಾಣ ಎಂಬತ್ತರ ದೇಹಕ್ಕೆ ವಿಷವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷಿ ಬೇಕಿಲ್ಲ.

ಇಷ್ಟೆಲ್ಲ ಆಗುತ್ತಿದ್ದರೂ ಈ ಔಷಧಗಳು ದೇಹದೊಳಗೆ ನಿಜವಾಗಿ ಏನು ಮಾಡುತ್ತವೆ ಎಂಬುದು 1971ರವರೆಗೆ ಯಾರಿಗೂ ಸ್ಪಷ್ಟವಿರಲಿಲ್ಲ. ಆ ವರ್ಷ ಲಂಡನ್ನಿನಲ್ಲಿ ಜಾನ್ ವೇನ್ ಅದನ್ನು ತೋರಿಸಿಕೊಟ್ಟರು. 1982ರ ನೊಬೆಲ್ ಪುರಸ್ಕಾರದಲ್ಲಿ ಅವರಿಗೂ ಪಾಲು ಸಿಕ್ಕಿತು. ಗಾಯವಾದ ಜಾಗದಲ್ಲಿ ದೇಹ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕಗಳನ್ನು ತಯಾರಿಸುತ್ತದೆ. ಊತ, ಬಿಸಿ, ನೋವು, ಜ್ವರಗಳಲ್ಲಿ ಅವುಗಳ ಪಾತ್ರ ದೊಡ್ಡದು. ಅವುಗಳ ತಯಾರಿಕೆಗೆ ಬೇಕಾದ ಕಿಣ್ವವೇ ಸೈಕ್ಲೋಆಕ್ಸಿಜನೇಸ್, ಚಿಕ್ಕದಾಗಿ ಕಾಕ್ಸ್. ಮಾತ್ರೆ ಆ ಕಿಣ್ವವನ್ನು ತಡೆಯುತ್ತದೆ, ನೋವು ಇಳಿಯುತ್ತದೆ. ಆದರೆ ಅದೇ ಪ್ರೊಸ್ಟಾಗ್ಲ್ಯಾಂಡಿನ್‌ಗಳು ಜಠರದಲ್ಲಿ ಆಮ್ಲದಿಂದ ಒಳಗೋಡೆಯನ್ನು ಕಾಯುವ ಲೋಳೆ ಒಸರುವಂತೆ ಮಾಡುತ್ತಿರುತ್ತವೆ. ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳಗಳನ್ನು ತೆರೆದಿಟ್ಟಿರುತ್ತವೆ. ಅವುಗಳ ಹತ್ತಿರದ ಸಂಬಂಧಿಯಾದ ಥ್ರಾಂಬಾಕ್ಸೇನ್ ಗಾಯದ ಬಾಯಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. ನುಂಗಿದ ಮಾತ್ರೆಗೆ ಮೊಣಕಾಲಿನ ಪ್ರೊಸ್ಟಾಗ್ಲ್ಯಾಂಡಿನ್ ಯಾವುದು, ಜಠರದ್ದು ಯಾವುದು ಎಂಬ ಭೇದ ಗೊತ್ತಿಲ್ಲ.

ಇದನ್ನು ಅರಿತರೆ ಎರಡು ತಪ್ಪು ನಂಬಿಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ಊಟದ ನಂತರ ನುಂಗಿದರೆ ಹುಣ್ಣಾಗುವುದಿಲ್ಲ ಎಂಬುದು ಮೊದಲನೆಯದು. ಊಟದಿಂದ ಹೊಟ್ಟೆಯ ಉರಿ ಕಡಿಮೆಯಾಗಬಹುದು. ಆದರೆ ಹುಣ್ಣಿಗೆ ಮುಖ್ಯ ಕಾರಣ ಮಾತ್ರೆಯ ನೇರ ಸ್ಪರ್ಶವಲ್ಲ, ರಕ್ತ ಸೇರಿದ ಔಷಧವು ಆ ಲೋಳೆಯ ಕಾವಲನ್ನು ಕಿತ್ತುಹಾಕುವುದು. ಇಂಜೆಕ್ಷನ್ ತೆಗೆದುಕೊಂಡರೆ ಹೊಟ್ಟೆಗೆ ಏನೂ ಆಗದು ಎಂಬ ಎರಡನೆಯ ನಂಬಿಕೆಯೂ ಇದೇ ಕಾರಣಕ್ಕೆ ಸುಳ್ಳು.

1990ರ ದಶಕದ ಆರಂಭದಲ್ಲಿ ಕಾಕ್ಸ್ ಒಂದಲ್ಲ, ಎರಡು ಎಂದು ಗೊತ್ತಾಯಿತು. ಜಠರದ ರಕ್ಷಣೆಯಂತಹ ನಿತ್ಯದ ಕೆಲಸಗಳಿಗೆ ಕಾಕ್ಸ್-1, ಉರಿಯೂತಕ್ಕೆ ಮುಖ್ಯವಾಗಿ ಕಾಕ್ಸ್-2. ಎರಡನೆಯದನ್ನಷ್ಟೇ ತಡೆದರೆ ನೋವೂ ಹೋಗಿ ಹೊಟ್ಟೆಯೂ ಉಳಿಯುತ್ತದೆ ಎಂಬ ಆಲೋಚನೆ ಸಹಜವಾಗಿತ್ತು, ತರ್ಕಬದ್ಧವೂ ಆಗಿತ್ತು. 1998ರ ಕೊನೆಗೆ ಸೆಲೆಕಾಕ್ಸಿಬ್‌ಗೂ 1999ರಲ್ಲಿ ಮರ್ಕ್ ಕಂಪನಿಯ ರೋಫೆಕಾಕ್ಸಿಬ್‌ಗೂ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ವಯಾಕ್ಸ್ ಎಂಬ ಹೆಸರಿನಲ್ಲಿ ಮಾರಾಟವಾದ ರೋಫೆಕಾಕ್ಸಿಬನ್ನು ಜಗತ್ತಿನಾದ್ಯಂತ ಸುಮಾರು 8 ಕೋಟಿ ಜನ ಸೇವಿಸಿದರು.

ಸಂಧಿವಾತದ 8,076 ರೋಗಿಗಳ ಮೇಲೆ ನಡೆದ ವಿಗರ್ ಎಂಬ ಅಧ್ಯಯನದ ವರದಿ 2000ದ ನವೆಂಬರಿನಲ್ಲಿ ಪ್ರಕಟವಾಯಿತು. ನ್ಯಾಪ್ರೊಕ್ಸೆನ್ ತೆಗೆದುಕೊಂಡವರಿಗೆ ಹೋಲಿಸಿದರೆ ರೋಫೆಕಾಕ್ಸಿಬ್‌ನವರಲ್ಲಿ ಜಠರದ ತೊಂದರೆಗಳು ಅರ್ಧದಷ್ಟಿದ್ದವು. ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿಯೂ ಇತ್ತು: ಹೃದಯಾಘಾತ ನ್ಯಾಪ್ರೊಕ್ಸೆನ್ ಗುಂಪಿನಲ್ಲಿ ಶೇ 0.1, ರೋಫೆಕಾಕ್ಸಿಬ್ ಗುಂಪಿನಲ್ಲಿ ಶೇ 0.4. ನ್ಯಾಪ್ರೊಕ್ಸೆನ್ ಹೃದಯವನ್ನು ರಕ್ಷಿಸುತ್ತಿರಬಹುದು, ವ್ಯತ್ಯಾಸ ಅದರಿಂದಾದದ್ದು ಎಂಬ ವಿವರಣೆ ಬಂತು. ಆದರೆ ಕಾಕ್ಸ್-2 ತಡೆಯುವ ಔಷಧವು, ರಕ್ತನಾಳಗಳನ್ನು ಹಿಗ್ಗಿಸಿ ಹೆಪ್ಪನ್ನು ತಡೆಯುವ ಪ್ರೊಸ್ಟಾಸೈಕ್ಲಿನ್ನನ್ನು ಕುಗ್ಗಿಸುತ್ತದೆ, ಹೆಪ್ಪುಗಟ್ಟಿಸುವ ಥ್ರಾಂಬಾಕ್ಸೇನನ್ನು ಮಾತ್ರ ಹಾಗೆಯೇ ಬಿಡುತ್ತದೆ ಎಂದು ಔಷಧವಿಜ್ಞಾನಿ ಗ್ಯಾರೆಟ್ ಫಿಟ್ಜ್‌ಜೆರಾಲ್ಡ್ ಅವರ ತಂಡ 1999ರಲ್ಲೇ ಸೂಚಿಸಿತ್ತು. ತಕ್ಕಡಿ ಹೆಪ್ಪಿನ ಕಡೆಗೆ ವಾಲಲು ಅಷ್ಟು ಸಾಕು. ಕರುಳಿನ ಗಂಟುಗಳನ್ನು ತಡೆಯಬಹುದೇ ಎಂದು ನೋಡಲು ಆರಂಭಿಸಿದ ಇನ್ನೊಂದು ಅಧ್ಯಯನದಲ್ಲಿ ಹೋಲಿಕೆಗೆ ಬೇರೆ ಔಷಧವಿರಲಿಲ್ಲ, ಔಷಧವಿಲ್ಲದ ಹುಸಿ ಮಾತ್ರೆಯಿತ್ತು. ಹಾಗಾಗಿ ಹಳೆಯ ವಿವರಣೆಗೆ ಅಲ್ಲಿ ಆಸ್ಪದವಿರಲಿಲ್ಲ. ಅಲ್ಲಿಯೂ ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚಿದ್ದು ಕಂಡುಬಂದು, 2004ರ ಸೆಪ್ಟೆಂಬರ್ 30ರಂದು ಮರ್ಕ್ ಔಷಧವನ್ನು ಹಿಂತೆಗೆದುಕೊಂಡಿತು. ವಿಗರ್‌ನ ಪ್ರಕಟಿತ ವರದಿಯಲ್ಲಿ ಮೂರು ಹೃದಯಾಘಾತಗಳು ಲೆಕ್ಕಕ್ಕೇ ಬಂದಿರಲಿಲ್ಲ ಎಂದು ಅದನ್ನು ಪ್ರಕಟಿಸಿದ್ದ ಪತ್ರಿಕೆಯೇ 2005ರ ಡಿಸೆಂಬರಿನಲ್ಲಿ ಕಳವಳ ವ್ಯಕ್ತಪಡಿಸಿತು. 2000ದ ಅಂಕಿಗೂ 2004ರ ನಿರ್ಧಾರಕ್ಕೂ ನಡುವೆ ಕಳೆದ ನಾಲ್ಕು ವರ್ಷಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹಾಗೆಂದು ಇದನ್ನು ಒಂದು ಔಷಧದ ಕಥೆಯೆಂದು ಬದಿಗಿಡುವಂತಿಲ್ಲ. ರೋಫೆಕಾಕ್ಸಿಬ್ ಹೋದ ಮೇಲೆ ಹಳೆಯ ಔಷಧಗಳನ್ನೂ ಅದೇ ಕಣ್ಣಿನಿಂದ ನೋಡಲಾಯಿತು. 2005ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ವರ್ಗದ ಚೀಟಿ ಔಷಧಗಳೆಲ್ಲದರ ಮೇಲೂ ಹೃದಯ ಮತ್ತು ಜಠರದ ಅಪಾಯದ ಕಟ್ಟುನಿಟ್ಟಿನ ಎಚ್ಚರಿಕೆ ಮುದ್ರಿಸಬೇಕೆಂದಿತು. ಸೇವನೆಯ ಮೊದಲ ವಾರಗಳಲ್ಲೇ ಅಪಾಯ ಎದುರಾಗಬಹುದೆಂದು 2015ರಲ್ಲಿ ಆ ಎಚ್ಚರಿಕೆಯನ್ನು ಬಿಗಿಗೊಳಿಸಿತು. ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 150 ಮಿಲಿಗ್ರಾಂ ಡೈಕ್ಲೊಫೆನಾಕ್ ಅಥವಾ 2,400 ಮಿಲಿಗ್ರಾಂ ಐಬುಪ್ರೊಫೆನ್‌ನಂತಹ ದೊಡ್ಡ ಪ್ರಮಾಣಗಳ ಅಪಾಯವೂ ಕಾಕ್ಸ್-2 ಔಷಧಗಳಿಗೆ ಹತ್ತಿರದ್ದೇ. ಡೈಕ್ಲೊಫೆನಾಕ್ ಅಥವಾ ಕಾಕ್ಸ್-2 ಔಷಧವನ್ನು ಒಂದು ಸಾವಿರ ಜನ ಒಂದು ವರ್ಷ ತೆಗೆದುಕೊಂಡರೆ ಹೆಚ್ಚುವರಿಯಾಗಿ ಸುಮಾರು ಮೂವರಿಗೆ ಹೃದಯದ ಅಥವಾ ರಕ್ತನಾಳದ ಗಂಭೀರ ಘಟನೆ. ಅದರಲ್ಲಿ ಒಬ್ಬರ ಸಾವು. ನ್ಯಾಪ್ರೊಕ್ಸೆನ್ ಹೃದಯಕ್ಕೆ ಅಷ್ಟು ಕೆಡುಕಲ್ಲವೆನಿಸಿದರೂ ಜಠರದ ವಿಷಯದಲ್ಲಿ ಅದು ಸೌಮ್ಯವಲ್ಲ. 24,081 ರೋಗಿಗಳ ಮೇಲೆ ನಡೆದ 2016ರ ಅಧ್ಯಯನದಲ್ಲಿ ಮಿತ ಪ್ರಮಾಣದ ಸೆಲೆಕಾಕ್ಸಿಬ್, ಹೃದಯದ ಮಟ್ಟಿಗೆ ಐಬುಪ್ರೊಫೆನ್ ಮತ್ತು ನ್ಯಾಪ್ರೊಕ್ಸೆನ್‌ಗಿಂತ ಕೆಟ್ಟದೇನಲ್ಲ ಎಂದು ಕಂಡಿತು. ಅಪಾಯವೇ ಇಲ್ಲದ್ದು ಯಾವುದೂ ಸಿಗಲಿಲ್ಲ. ಆದ್ದರಿಂದ ಔಷಧದ ಆಯ್ಕೆಗಿಂತ ಮೊದಲು ಅದು ಯಾರಿಗೆ ಎಂದು ಕೇಳಬೇಕಾಗುತ್ತದೆ.

ಎಪ್ಪತ್ತು ದಾಟಿದ ಒಬ್ಬ ವ್ಯಕ್ತಿಯ ಮಾತ್ರೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ನೋಡೋಣ. ರಕ್ತದೊತ್ತಡಕ್ಕೆ ರಾಮಿಪ್ರಿಲ್, ಕಾಲಿನ ಊತಕ್ಕೆ ಮೂತ್ರವರ್ಧಕ, ಮೊಣಕಾಲಿಗೆ ಒಬ್ಬ ವೈದ್ಯರು ಬರೆದ ಡೈಕ್ಲೊಫೆನಾಕ್, ಸೊಂಟಕ್ಕೆ ಇನ್ನೊಬ್ಬರು ಬರೆದ ಅಸಿಕ್ಲೊಫೆನಾಕ್. ಪಟ್ಟಿಗಳ ಮೇಲಿನ ದೊಡ್ಡ ಅಕ್ಷರದ ಹೆಸರುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಕೆಳಗಿನ ಸಣ್ಣ ಅಕ್ಷರವನ್ನು ಓದಿದರೆ ಮಾತ್ರ ಕೊನೆಯ ಎರಡೂ ಒಂದೇ ಕುಟುಂಬದವು ಎಂದು ತಿಳಿಯುತ್ತದೆ. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ನೋವು ಇಮ್ಮಡಿ ಕಡಿಮೆಯಾಗುವುದಿಲ್ಲ, ಅಪಾಯ ಮಾತ್ರ ಬೆಳೆಯುತ್ತದೆ. ಇನ್ನು ಮೂತ್ರಪಿಂಡ: ಮೂತ್ರವರ್ಧಕ ದೇಹದ ನೀರನ್ನು ಇಳಿಸುತ್ತದೆ, ರಾಮಿಪ್ರಿಲ್ ಮೂತ್ರಪಿಂಡದ ಸೋಸುವ ಒತ್ತಡವನ್ನು ತಗ್ಗಿಸುತ್ತದೆ, ನೋವಿನ ಮಾತ್ರೆ ಅಲ್ಲಿಗೆ ಹರಿಯುವ ರಕ್ತವನ್ನೇ ಕುಗ್ಗಿಸುತ್ತದೆ. ಈ ಸ್ಥಿತಿಯಲ್ಲಿ ಎರಡು ದಿನ ವಾಂತಿಭೇದಿಯಾದರೆ ಮೂತ್ರಪಿಂಡಗಳು ಕೆಲಸ ನಿಲ್ಲಿಸಬಹುದು. ಅಲ್ಲಿ ನೋವಾಗುವುದಿಲ್ಲವಾದ್ದರಿಂದ ಮೂತ್ರ ಕಡಿಮೆಯಾದಾಗಲೋ ಕಾಲು ಮುಖ ಊದಿದಾಗಲೋ ಮಾತ್ರ ತಿಳಿಯುತ್ತದೆ. ಇದರಲ್ಲಿ ಯಾವ ವೈದ್ಯರ ಚೀಟಿಯೂ ತಾನಾಗಿ ತಪ್ಪಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಎಲ್ಲ ಚೀಟಿಗಳನ್ನೂ ಒಟ್ಟಿಗೆ ಯಾರೂ ನೋಡಿರಲಿಲ್ಲ, ಅಷ್ಟೆ.

ಜಠರದ ರಕ್ತಸ್ರಾವವೂ ಹೀಗೆಯೇ ಸದ್ದಿಲ್ಲದೆ ಬರುತ್ತದೆ. ಎಷ್ಟೋ ಮಂದಿಗೆ ಅದಕ್ಕೆ ಮುಂಚೆ ಹೊಟ್ಟೆನೋವೇ ಇರುವುದಿಲ್ಲ. ಡಾಂಬರಿನಂತೆ ಕಪ್ಪಾದ ಮಲ, ಕಾಫಿ ಪುಡಿಯಂತಹ ವಾಂತಿ, ಕಾರಣವಿಲ್ಲದ ತಲೆಸುತ್ತು ಕಂಡರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎದೆನೋವು, ಉಸಿರಾಟದ ಕಷ್ಟ, ಒಂದು ಬದಿಯ ಬಲಹೀನತೆ, ಮಾತಿನ ತೊದಲಿಕೆಗಳಿಗೂ ಇದೇ ಮಾತು. 65 ದಾಟಿದವರು, ಹಿಂದೆ ಹುಣ್ಣಾಗಿದ್ದವರು, ವಾರ್ಫರಿನ್‌ನಂತಹ ರಕ್ತ ತೆಳುವಾಗಿಸುವ ಔಷಧ, ಸ್ಟೀರಾಯ್ಡ್ ಅಥವಾ ಕೆಲವು ಖಿನ್ನತೆಯ ಔಷಧಗಳನ್ನು ಸೇವಿಸುವವರು ಹೆಚ್ಚಿನ ಅಪಾಯದಲ್ಲಿರುತ್ತಾರೆ. ಇಂಥವರಿಗೆ ಒಮೆಪ್ರಜೋಲ್‌ನಂತಹ ಆಮ್ಲ ತಗ್ಗಿಸುವ ಮಾತ್ರೆಯನ್ನು ಜೊತೆಗೆ ಬರೆಯುವುದು ಒಳ್ಳೆಯ ರೂಢಿ. ಆದರೆ ಅದು ಕಾಯುವುದು ಜಠರವನ್ನೂ ಅದಕ್ಕೆ ಅಂಟಿದ ಕರುಳಿನ ಮೊದಲ ಭಾಗವನ್ನೂ ಮಾತ್ರ. ಗ್ಯಾಸಿನ ಮಾತ್ರೆ ನುಂಗಿದ್ದೇನೆ ಎಂಬ ಧೈರ್ಯ ಹೃದಯಕ್ಕೂ ಮೂತ್ರಪಿಂಡಕ್ಕೂ ಅನ್ವಯಿಸುವುದಿಲ್ಲ. ಹೃದಯಕ್ಕೆಂದು ದಿನವೂ ಸಣ್ಣ ಪ್ರಮಾಣದ ಆಸ್ಪಿರಿನ್ ತೆಗೆದುಕೊಳ್ಳುವವರು ಐಬುಪ್ರೊಫೆನ್ನನ್ನು ಅದಕ್ಕಿಂತ ಮೊದಲು ನುಂಗಿದರೆ ಆಸ್ಪಿರಿನ್ ಕೆಲಸ ಮಾಡಬೇಕಾದ ಜಾಗ ಮುಚ್ಚಿಹೋಗಿ ಅದರ ರಕ್ಷಣೆಯೇ ಇಲ್ಲವಾಗಬಹುದು.

ಗರ್ಭಿಣಿಯರ ವಿಷಯದಲ್ಲಿ ಎಚ್ಚರಿಕೆ ಈಗ ಗರ್ಭಾವಸ್ಥೆಯ ಇನ್ನೂ ಮುಂಚಿನ ವಾರಗಳಿಂದಲೇ ಶುರುವಾಗುತ್ತದೆ: 20 ವಾರಗಳ ನಂತರ ಈ ಔಷಧಗಳು ಮಗುವಿನ ಮೂತ್ರಪಿಂಡವನ್ನು ಬಾಧಿಸಿ ಗರ್ಭದ ನೀರನ್ನು ಕಡಿಮೆ ಮಾಡಬಹುದೆಂದು ಅಮೆರಿಕದ ಅದೇ ಸಂಸ್ಥೆ 2020ರಲ್ಲಿ ತಿಳಿಸಿತು. ಆಸ್ತಮಾ ಇರುವ ಕೆಲವರಿಗೆ ಒಂದೇ ಮಾತ್ರೆಯಿಂದ ಉಸಿರು ಕಟ್ಟಬಹುದು. ಡೆಂಗಿಯ ಶಂಕೆಯಿದ್ದರೆ ರಕ್ತಸ್ರಾವದ ಭಯದಿಂದ ಇವುಗಳನ್ನು ಮುಟ್ಟಲೇಬಾರದು. ಆಗ ಬಳಸುವ ಪ್ಯಾರಸಿಟಮಾಲ್ ಈ ವರ್ಗಕ್ಕೆ ಸೇರಿದ್ದಲ್ಲ. ಮೊಣಕಾಲು, ಕೈಬೆರಳುಗಳಂತಹ ಚರ್ಮಕ್ಕೆ ಹತ್ತಿರದ ಕೀಲುಗಳ ನೋವಿಗೆ ಡೈಕ್ಲೊಫೆನಾಕ್ ಲೇಪ ಅನೇಕರಿಗೆ ಸಾಕಾಗುತ್ತದೆ. ರಕ್ತಕ್ಕೆ ಸೇರುವ ಔಷಧ ಆಗ ಬಹಳ ಕಡಿಮೆ. ಈ ಆಯ್ಕೆಯನ್ನು ರೋಗಿಗಳು ಕೇಳುವುದೂ ಕಡಿಮೆ, ಅವರಿಗೆ ಹೇಳುವವರೂ ಕಡಿಮೆ.

ಇಷ್ಟನ್ನು ಓದಿ ಹೆದರಿ ಬೇಕಾದ ಮಾತ್ರೆಯನ್ನೇ ಬಿಡಬೇಕಾದವರು ಯಾರೂ ಇಲ್ಲ. ಬೆನ್ನುಮೂಳೆ ಬಿಗಿದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಂತಹ ಕಾಯಿಲೆಯವರು ಬೆಳಗ್ಗೆ ಹಾಸಿಗೆಯಿಂದ ಏಳುವುದೇ ಎಷ್ಟೋ ಸಲ ಈ ಮಾತ್ರೆಯ ಬಲದಿಂದ. ಅವರಿಗೆ ಇದು ಮೊದಲ ಸಾಲಿನ ಚಿಕಿತ್ಸೆ. ಕೆಲಸ ಮಾಡುವ ಅತಿ ಕಡಿಮೆ ಪ್ರಮಾಣ, ಅಗತ್ಯವಿರುವಷ್ಟೇ ದಿನ ಎಂಬ ನಿಯಮ ಅವರಿಗೂ ಇದೆ, ಆದರೆ ಆ ದಿನಗಳು ವರ್ಷಗಳಾಗಬಹುದು. ಹಾಗಾದಾಗ ಅವರ ಚೀಟಿಯಲ್ಲಿ ಅವಧಿ ಬರೆಯುವ ಜಾಗದಲ್ಲಿ ರಕ್ತದೊತ್ತಡ, ಹಿಮೋಗ್ಲೋಬಿನ್ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್‌ಗಳನ್ನು ಮತ್ತೆ ನೋಡುವ ಮುಂದಿನ ದಿನಾಂಕವಾದರೂ ಇರಬೇಕು.