ಕೇಳಿದ್ರೆ ಹೇಳಲ್ಲ, ಕೂತು ನೋಡ್ಬೇಕು

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಸಾಫ್ಟ್‌ವೇರ್ ಮಾಡಿಕೊಡೋಕೆ ಹೋಗಿದ್ದೆ. ಏನೇನು ಬೇಕು ಅಂದ್ರೆ ಅಲ್ಲಿನ ಹಳೇ ಗುಮಾಸ್ತರು "ಎಂತ ಇಲ್ಲ ಮಾರಾಯ, ಈ ಲೆಡ್ಜರಲ್ಲಿ ಇರೋದು ಕಂಪ್ಯೂಟರಲ್ಲಿ ಬಂದ್ರೆ ಆಯ್ತು" ಅಂದ್ರು. ನಾನೂ ಬರ್ಕೊಂಡೆ, ಮಾಲು ಬಂತು, ತೂಕ ಆಯ್ತು, ರಾಶಿನೋ ಬೆಟ್ಟೆನೋ ಗೊರಬಲೋ ಅಂತ ಅಡಿಕೆ ನಮೂನೆ ನೋಡಿ ಕ್ವಿಂಟಾಲಿಗಿಷ್ಟು ಅಂತ ರೇಟು, ಬಿಲ್ಲು, ಮುಗೀತು. ಎರಡು ತಿಂಗಳು ಕೂತು ಮಾಡಿ ತಗೊಂಡು ಹೋದ್ರೆ ಮೊದಲ್ನೇ ದಿನವೇ ಕೈಕೊಡ್ತು, ಯಾಕಂದ್ರೆ ತೀರ್ಥಹಳ್ಳಿ ಕಡೆಯವರೊಬ್ರು ಚೀಲ ಇಳಿಸಿದ್ರು, ಮಾರ್ಲಿಲ್ಲ, ಅಡ್ವಾನ್ಸ್ ಇಸ್ಕೊಂಡು ಬಸ್ ಹತ್ತಿದ್ರು. ರೇಟು ಏರೋ ತನಕ ಮಾಲು ಮಂಡೀಲೇ ಇರತ್ತಂತೆ. ಮಾರದೇನೇ ದುಡ್ಡು ಕೊಡೋ ವ್ಯವಹಾರ ನನ್ನ ಸಾಫ್ಟ್‌ವೇರಿಗೆ ಗೊತ್ತೇ ಇಲ್ಲ!

"ಇದನ್ನ ಮೊದ್ಲೇ ಹೇಳ್ಬಾರ್ದಾ?" ಅಂದೆ.

"ಅದೆಂತ ಹೇಳೋದು, ಅದು ಇರೋದೇ ಅಲ್ವಾ."

ಏನೇನು ಬೇಕು ಅಂತ ಕೇಳಿ ಬರ್ಕೊಳ್ಳೋದಕ್ಕೆ ಐಟಿಯವರು ರಿಕ್ವೈರ್‌ಮೆಂಟ್ ಗ್ಯಾದರಿಂಗ್ ಅಂತಾರೆ, ಹೆಸರು ಕೇಳಿದ್ರೆ ತೋಟದಲ್ಲಿ ಉದುರಿದ ಅಡಿಕೆ ಹೆಕ್ಕಿದಷ್ಟೇ ಸಲೀಸು ಅನ್ಸತ್ತೆ. ಆದ್ರೆ ಮನುಷ್ಯನಿಗೆ ಬಾಯಲ್ಲಿ ಹೇಳೋಕಾಗೋದಕ್ಕಿಂತ ಗೊತ್ತಿರೋದೇ ಜಾಸ್ತಿ ಅಂತ ತತ್ವಜ್ಞಾನಿ ಮೈಕೆಲ್ ಪೊಲಾನಿ 1966ರಲ್ಲೇ ಬರೆದಿದ್ದಾರೆ. ಅಡಿಕೆ ಸುಲಿಯೋರನ್ನ ಕತ್ತಿಗೆ ಕಾಯಿ ಹೇಗೆ ಕೊಡ್ತೀರಿ ಅಂತ ಕೇಳಿ ನೋಡಿ, ಮಾತು ನಿಲ್ಲತ್ತೆ, ಕೈ ನಿಲ್ಲಲ್ಲ.

ದೊಡ್ಡ ಊರಲ್ಲೂ ಇದೇ ಕಥೆ. ಲಂಡನ್ನಲ್ಲಿ 1992ರ ಅಕ್ಟೋಬರ್ 26ಕ್ಕೆ ಆಂಬುಲೆನ್ಸ್ ಕಳಿಸೋ ಕೆಲಸನ ಕಂಪ್ಯೂಟರಿಗೆ ಒಪ್ಪಿಸಿದ್ರು. ಯಾವ ಗಾಡಿ ಎಲ್ಲಿದೆ ಅನ್ನೋ ಮಾಹಿತಿ ಸದಾ ಸರಿ ಬರತ್ತೆ ಅಂತ ನಂಬ್ಕೊಂಡು ಕಟ್ಟಿದ್ದು ಅದು. ಆದ್ರೆ ಕೆಲವು ಕಡೆ ರೇಡಿಯೋ ಸಿಗಲ್ಲ, ರೋಗಿನ ಗಾಡಿಗೆ ಹಾಕೋ ಅವಸರದಲ್ಲಿ ಸಿಬ್ಬಂದಿ ತಪ್ಪು ಬಟನ್ ಒತ್ತುತ್ತಾರೆ, ಕಂಪ್ಯೂಟರಿಗೆ ಗಾಡಿಗಳ ಲೆಕ್ಕವೇ ತಪ್ಪಿ ಹೋಯ್ತು. ಮಾರನೇ ದಿನವೇ ಅರ್ಧಂಬರ್ಧ ಹಳೇ ಪದ್ಧತಿಗೆ ವಾಪಸ್. ಫೋನ್ ಹಿಡ್ಕೊಂಡು ಹೊಸನಗರದ ಗುಡ್ಡ ಹತ್ತಿ ಸಿಗ್ನಲ್ ಹುಡುಕಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ ಬಿಡಿ.

ಆಮೇಲೆ ನಾಲ್ಕು ದಿನ ಮಂಡಿ ಮೂಲೇಲಿ ಪ್ರಶ್ನೆ ಕೇಳದೆ ಸುಮ್ನೆ ಕೂತೆ. ಕರೆಂಟ್ ಹೋದಾಗ ಚೀಟಿ ಮೇಲೆ ಬರೆದು ಆಮೇಲೆ ಏರಿಸ್ತಾರೆ ಅನ್ನೋದು ಆಗ ಕಂಡಿದ್ದು. ಲೆಡ್ಜರಲ್ಲಿ ಕೆಲವು ಹೆಸರಿನ ಪಕ್ಕ ಪೆನ್ಸಿಲ್ಲಲ್ಲಿ ಸಣ್ಣ ಸೊನ್ನೆ ಇತ್ತು, ಏನಿದು ಅಂದೆ. ಅವರಿಗೆ ಫೋನ್ ಮಾಡಿ ಕೇಳ್ದೆ ಮಾಲು ಮಾರಂಗಿಲ್ಲ ಅಂತಂತೆ. ಎರಡು ಸೊನ್ನೆ ಇದ್ರೆ ಅವರನ್ನಲ್ಲ, ಮನೇಲಿ ಅವರ ಅಮ್ಮನ್ನ ಕೇಳ್ಬೇಕು.