ಮನೆಯಲ್ಲೇ ಪರೀಕ್ಷೆಗೆ ರಕ್ತ ಕೊಡುವಾಗ ಎಲ್ಲಿ ತಪ್ಪುತ್ತೇವೆ?

ರಿಪೋರ್ಟಿನ ಅಂಕಿಗಳು ಏರುಪೇರಾದರೆ ಮೊದಲು ಲ್ಯಾಬಿನ ಯಂತ್ರದ ಮೇಲೆ ಅನುಮಾನ ಬರುತ್ತದೆ. ಆದರೆ ಹೆಚ್ಚಿನ ತಪ್ಪುಗಳು ರಕ್ತ ಯಂತ್ರಕ್ಕೆ ಹೋಗುವ ಮೊದಲೇ ಆಗಿರುತ್ತವೆ. ಮನೆಯಲ್ಲಿ ರಕ್ತ ಕೊಡುವಾಗ ಅವುಗಳಲ್ಲಿ ಹಲವನ್ನು ನೀವೇ ತಡೆಯಬಹುದು.

ಎಲ್ಲ ಪರೀಕ್ಷೆಗೂ ಖಾಲಿ ಹೊಟ್ಟೆ ಬೇಕಿಲ್ಲ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೆ ಊಟ ಮಾಡಿದ್ದರೂ ಅಡ್ಡಿಯಿಲ್ಲ. ಫಾಸ್ಟಿಂಗ್ ಶುಗರ್‌ಗೆ ಕನಿಷ್ಠ 8 ಗಂಟೆ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ನೋಡಬೇಕಿದ್ದರೆ ಸಾಮಾನ್ಯವಾಗಿ 10ರಿಂದ 12 ಗಂಟೆ ಉಪವಾಸ ಇರಬೇಕು. ಒಳ್ಳೆಯದಾಗಲಿ ಎಂದು ಅದನ್ನು 15-16 ಗಂಟೆಗೆ ಎಳೆಯಬೇಡಿ. ಸಕ್ಕರೆ ಹಾಕದ ಕಾಫಿ, ಚಹಾ ಕೂಡ ಬೇಡ. ಬರೀ ನೀರು ಕುಡಿಯಿರಿ, ಧಾರಾಳವಾಗಿ ಕುಡಿಯಿರಿ. ನೀರು ಕಡಿಮೆಯಾದರೆ ನರ ಸಿಗುವುದೇ ಕಷ್ಟ, ಮತ್ತೆ ಮತ್ತೆ ಚುಚ್ಚಬೇಕಾಗುತ್ತದೆ.

ಮಾತ್ರೆಗಳ ವಿಷಯದಲ್ಲಿ ಗೊಂದಲ ಹೆಚ್ಚು. ಬಿಪಿ ಮಾತ್ರೆಯನ್ನು ಸಾಮಾನ್ಯವಾಗಿ ನೀರಿನ ಜೊತೆ ಎಂದಿನಂತೆ ನುಂಗಬಹುದು. ಥೈರಾಯ್ಡ್ ಮಾತ್ರೆಯನ್ನು ಮಾತ್ರ ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ. ಮೊದಲೇ ನುಂಗಿದರೆ ಕೆಲವು ಗಂಟೆಗಳ ಕಾಲ ಟಿ4 ಎಂಬ ಥೈರಾಯ್ಡ್ ಹಾರ್ಮೋನ್ ಏರಿರುತ್ತದೆ. ಕೂದಲು, ಉಗುರಿಗೆಂದು ತೆಗೆದುಕೊಳ್ಳುವ ಬಯೋಟಿನ್ ಎಂಬ ವಿಟಮಿನ್ ಬಹಳ ಮೋಸ ಮಾಡುತ್ತದೆ. ಕೆಲವು ಯಂತ್ರಗಳಲ್ಲಿ ಅದರಿಂದ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ಸುಳ್ಳೇ ಇಳಿದು, ಟಿ4 ಸುಳ್ಳೇ ಏರಿ, ಥೈರಾಯ್ಡ್ ಜಾಸ್ತಿಯಾದಂತೆ ಕಾಣುತ್ತದೆ. ವೈದ್ಯರನ್ನು ಕೇಳಿ ಕನಿಷ್ಠ 2 ದಿನ ಮೊದಲೇ ನಿಲ್ಲಿಸಿ. ಡೋಸ್ ದೊಡ್ಡದಿದ್ದರೆ ಇನ್ನೂ ಮೊದಲೇ ನಿಲ್ಲಿಸಬೇಕಾಗುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬೆಳಗಿನ ಮೊದಲ ಸಮಯವನ್ನೇ ಗೊತ್ತುಮಾಡಿಕೊಳ್ಳಲಿ, ಆ ಹೊತ್ತಿನ ಡೋಸ್ ಏನು ಮಾಡಬೇಕೆಂದು ಹಿಂದಿನ ದಿನವೇ ವೈದ್ಯರನ್ನು ಕೇಳಲಿ. ಸಕ್ಕರೆ ಕುಸಿದು ಬೆವರು, ನಡುಕ ಶುರುವಾದರೆ ಪರೀಕ್ಷೆ ಬಿಟ್ಟು ತಕ್ಷಣ ಸಕ್ಕರೆ ತಿನ್ನಬೇಕು.

ಹಿಂದಿನ ದಿನ ಮದ್ಯವೂ ಬೇಡ, ಭಾರೀ ವ್ಯಾಯಾಮವೂ ಬೇಡ. ರಕ್ತ ಕೊಡುವ ಮುನ್ನ 10-15 ನಿಮಿಷ ಸುಮ್ಮನೆ ಕುಳಿತಿರಿ.

ತೋಳಿಗೆ ಪಟ್ಟಿ ಕಟ್ಟಿದ ಕೂಡಲೇ ನಾವೆಲ್ಲ ಮುಷ್ಟಿಯನ್ನು ಬಿಗಿದು, ಬಿಟ್ಟು, ಮತ್ತೆ ಬಿಗಿಯುತ್ತೇವೆ. ಹಾಗೆ ಮಾಡಬೇಡಿ. ಸ್ನಾಯುವಿನಿಂದ ಪೊಟ್ಯಾಸಿಯಂ ಹೊರಬಂದು, ಇಲ್ಲದ ತೊಂದರೆಯನ್ನು ರಿಪೋರ್ಟ್ ತೋರಿಸುತ್ತದೆ. ಕೈ ಸಡಿಲವಾಗಿರಲಿ. ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಇರಬಾರದು. ಸ್ಪಿರಿಟ್ ಒರೆಸಿದ ಜಾಗ ತಾನಾಗಿ ಒಣಗಬೇಕು. ಅದನ್ನು ಊದಿ ಒಣಗಿಸುವುದು, ಮತ್ತೆ ಬೆರಳಿಟ್ಟು ಮುಟ್ಟುವುದು ಸಲ್ಲದು.

ಟ್ಯೂಬುಗಳ ಮೇಲೂ ಒಂದು ಕಣ್ಣಿರಲಿ. ನೀಲಿ ಮುಚ್ಚಳದ್ದು ಗೆರೆಯವರೆಗೆ ತುಂಬಲೇಬೇಕು, ಅದರಲ್ಲಿ 9 ಪಾಲು ರಕ್ತಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ 1 ಪಾಲು ಎಂಬ ಲೆಕ್ಕ. ರಕ್ತ ಕಡಿಮೆಯಾದರೆ ಹೆಪ್ಪುಗಟ್ಟುವ ಸಮಯ ಸುಳ್ಳೇ ಉದ್ದವಾಗುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಿಂದ ಬೇರೆಯದಕ್ಕೆ ರಕ್ತ ಸುರಿಯುವುದನ್ನು ಕಂಡರೆ ಸಂಕೋಚವಿಲ್ಲದೆ ತಡೆಯಿರಿ. ಅದರೊಳಗಿನ ಇಡಿಟಿಎ (ಇದೂ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಸೇರಿ ಪೊಟ್ಯಾಸಿಯಂ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಬೇಕೇ ಹೊರತು ಕುಲುಕಬಾರದು. ಕುಲುಕಿದರೆ ಕೆಂಪು ಕಣಗಳು ಒಡೆಯುತ್ತವೆ. ಹೆಸರಿನ ಚೀಟಿಯನ್ನು ರಕ್ತ ತೆಗೆದ ಮೇಲೆ ನಿಮ್ಮೆದುರಿಗೇ ಅಂಟಿಸಲಿ. ಒಂದೇ ಮನೆಯಲ್ಲಿ ಇಬ್ಬರು ಮೂವರು ಕೊಡುವಾಗ ಅದಲುಬದಲಾಗುವುದು ಇಲ್ಲೇ.

ಹತ್ತಿಯನ್ನು ಒತ್ತಿಹಿಡಿಯುವಾಗ ಮೊಣಕೈ ಮಡಚಬೇಡಿ, ಕೈ ನೀಟಾಗಿ ಚಾಚಿ 3ರಿಂದ 5 ನಿಮಿಷ ಒತ್ತಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಇನ್ನಷ್ಟು ಹೊತ್ತು ಒತ್ತಬೇಕು.

ಸ್ಯಾಂಪಲ್ ಎಷ್ಟು ಹೊತ್ತಿಗೆ ಲ್ಯಾಬ್ ಸೇರುತ್ತದೆ ಎಂದೂ ಕೇಳಿ. ಸಾಮಾನ್ಯ ಟ್ಯೂಬಿನಲ್ಲಿ ಹಾಗೇ ಉಳಿದ ರಕ್ತದ ಕಣಗಳು ಸಕ್ಕರೆಯನ್ನು ಗಂಟೆಗೆ ಸುಮಾರು 5ರಿಂದ 7 ಶೇಕಡಾದಷ್ಟು ತಿಂದುಹಾಕುತ್ತವೆ. ಶುಗರ್‌ಗೆ ಬೂದು ಮುಚ್ಚಳದ ಟ್ಯೂಬ್ ಬಳಸುವುದು ಅದಕ್ಕೇ.